ಕೋಳಿ ಗಾಡಿಯ ಇಂಜೆಕ್ಟರ್

ಗೆಳೆಯರೇ, ತಮ್ಮನಿಗೆ ಹೆಣ್ಣು ನೋಡಲು ಇವತ್ತು ಮಾಲೂರಿನಿಂದ ಶ್ರೀನಿವಾಸಪುರಕ್ಕೆ ಹೊರಟ ನಮ್ಮ ಹಳೆಯ ಜೀಪು, ಕೋಲಾರದಲ್ಲಿ ಕಪ್ಪು ಹೊಗೆ ಉಗುಳಿ ನಿಂತುಬಿಟ್ಟಿತು. ಮಧ್ಯಾಹ್ನ ನಾವು, ಸಂಜೆ ಇನ್ನೊಂದು ಗಂಡಿನ ಕಡೆಯವರು ಎಂದು ಹುಡುಗಿಯ ಮನೆಯವರು ಮೊದಲೇ ಹೇಳಿದ್ದರು.

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. "ಡೀಸೆಲ್ ಹೊಡೆಯೋ ಇಂಜೆಕ್ಟರ್ ಎಲ್ಲಾ ಸವೆದೋಗಿವೆ ಸಾಮಿ. ಹೊಸದು ಬರೋದು ನಾಳೇನೇ. ಇದೇ ಇಂಜಿನ್ ಇರೋ ಬೇರೆ ಗಾಡೀದು ನನ್ನತ್ರ ಐತೆ, ಸರಿಯಾಗಿ ಕೂರುತ್ತೆ."

"ಯಾವ ಗಾಡೀದು?" ದೊಡ್ಡಪ್ಪ ವಿಚಾರಣೆ ಶುರುಮಾಡಿದರು.

"ಗುಜರಿಗೆ ಹೋದ ಕೋಳಿ ಗಾಡೀದು."

"ರಾಮ ರಾಮ! ನಮ್ಮನೆ ಜೀಪಿಗೆ ಕೋಳಿ ಗಾಡೀದಾ? ದೇವಸ್ಥಾನದ ವ್ಯಾನ್ ಯಾವುದೂ ಗುಜರಿಗೆ ಬಂದಿಲ್ವೇನಯ್ಯಾ?"

ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಮ್ಮ ಮಾತ್ರ ನಗಲಿಲ್ಲ. "ಏನ್ರೀ, ಆಪರೇಷನ್ ಆದಾಗ ನಿಮಗೆ ರಕ್ತ ಕೊಟ್ರಲ್ಲ, ಅದು ಯಾವ ಮನೆಯವರ್ದು ಅಂತ ಕೇಳಿದ್ರಾ? ಗುಂಪು ಹೊಂದುತ್ತಾ ಅಂತ ತಾನೇ ನೋಡಿದ್ದು?"

ದೊಡ್ಡಪ್ಪ ಕೊನೆಗೆ, "ಹಾಕಪ್ಪ. ಚೆನ್ನಾಗಿ ತೊಳೆದು ಹಾಕು," ಎಂದು ಮುಖ ತಿರುಗಿಸಿ ನಿಂತರು.

ಜೀಪು ಹೊಗೆಯಿಲ್ಲದೆ ಓಡಿತು. ಹುಡುಗಿಯ ಮನೆಯ ಮುಂದೆ ಇಳಿಯುವಾಗ ದೊಡ್ಡಪ್ಪ ಪಿಸುಗುಟ್ಟಿದರು: "ಕೋಳಿ ವಿಷಯ ಇಲ್ಲಿ ಯಾರೂ ಬಾಯಿ ಬಿಡ್ಬಾರ್ದು ಕಣ್ರೋ." ಒಳಗೆ ಉಪ್ಪಿಟ್ಟು ತಿನ್ನುತ್ತಾ, ಹುಡುಗಿಯ ಮುತ್ತಜ್ಜನವರೆಗೂ ಕುಲಗೋತ್ರ ಕೆದಕಿದರು. ಹುಡುಗ ಹುಡುಗಿ ಅಷ್ಟರಲ್ಲಿ ಹಿತ್ತಲಲ್ಲಿ ಮಾತಾಡಿ ಒಪ್ಪಿಕೊಂಡೂ ಆಗಿತ್ತು.

ನಾನಂತೂ ಅಲ್ಲಿ ಬಾಯಿ ಬಿಡಲಿಲ್ಲ. ಇಲ್ಲಿ ಬರೆಯಬಾರದು ಎಂದು ದೊಡ್ಡಪ್ಪ ಹೇಳಿರಲಿಲ್ಲ.