ತಮ್ಮನಿಗೆ ನಾನು ಆರಿಸಿದ ಪೆಡಲ್

ಪೆಡಲನ್ನು ಆರಿಸಿದವನು ನಾನು, ನುಡಿಸಬೇಕಾದವನಲ್ಲ.

ಎಪ್ಪತ್ತರ ದಶಕದ ಕೊನೆ. ಮುಂಬಯಿಯ ಘಾಟ್ಕೋಪರ್‌ನಲ್ಲಿದ್ದೆವು. ನನ್ನ ತಮ್ಮ ಮದುವೆ ಪಾರ್ಟಿಗಳಲ್ಲಿ ಗಿಟಾರ್ ನುಡಿಸುತ್ತಿದ್ದ. ಅಲ್ಲಿ ನುಡಿಸಿದ್ದು ಊಟದ ಗದ್ದಲದಲ್ಲೇ ಕರಗಿಹೋಗುತ್ತಿತ್ತು. ಕೊನೆಗೊಮ್ಮೆ ಸಿನಿಮಾ ಹಾಡಿನ ರೆಕಾರ್ಡಿಂಗಿಗೆ ಕರೆ ಬಂತು. ಹಾಡಿನ ನಡುವೆ ನಾಲ್ಕು ಸಾಲು ಗಿಟಾರ್. ಶೀತ ಹಿಡಿದ ಗಂಟಲಿನ ಹಾಗೆ ಒರಟಾಗಿರಬೇಕು ಎಂದಿದ್ದರಂತೆ. ಅದಕ್ಕೆ ಓವರ್‌ಡ್ರೈವ್ ಪೆಡಲ್ ಬೇಕು, ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇಟ್ಟು ಕಾಲಲ್ಲಿ ಒತ್ತುವ ಚಿಕ್ಕ ಡಬ್ಬಿ.

ಗ್ರಾಂಟ್ ರೋಡಿನ ಅಂಗಡಿಯೊಂದರಲ್ಲಿ ಎರಡಿದ್ದವು. ಒಂದು ಹಡಗಿನವರು ತಂದ ಫಾರಿನ್ನಿನದು, ಇನ್ನೊಂದು ರೇಡಿಯೋ ರಿಪೇರಿಯವನು ಕೈಯಾರೆ ಮಾಡಿದ್ದು. ತಮ್ಮ ಒಂದೊಂದನ್ನೂ ಜೋಡಿಸಿ, ನುಡಿಸುವುದಕ್ಕಿಂತ ಹೆಚ್ಚು ಹೊತ್ತು ನುಡಿಸದೆ ಕಿವಿಗೊಟ್ಟು ಕೂತ. ಹೊರಗೆ ಬಸ್ಸು, ಕೈಗಾಡಿಗಳ ಗಲಾಟೆ. ಅಂಗಡಿಯವನು ನಮ್ಮ ಆಫೀಸಿನವರಿಗೆ ಪರಿಚಯದವನು. ಅವನು ಗೊಣಗತೊಡಗಿದಾಗ ನನಗೆ ಮುಜುಗರವಾಯಿತು.

“ಅಣ್ಣ, ಎರಡನ್ನೂ ಒಂದಿನ ಮನೆಗೆ ಒಯ್ಯೋಣ್ವಾ ಕೇಳು. ಇಲ್ಲಿ ಏನೂ ಗೊತ್ತಾಗ್ತಿಲ್ಲ,” ಅಂದ ತಮ್ಮ.

“ಸೀರೆ ಆರಿಸೋಕೆ ಬಂದವರ ಹಾಗೆ ಆಡ್ತೀಯಲ್ಲೋ,” ಅಂದೆ. ಫಾರಿನ್ನಿನದು ಜೋರಾಗಿ ಕೇಳಿಸಿತ್ತು. ಅದನ್ನೇ ಕಟ್ಟಿಸಿದೆ.

ಹಳಿ ಪಕ್ಕದ ನಮ್ಮ ಮನೆಯಲ್ಲಿ, ಒಂದು ಲೋಕಲ್ ಟ್ರೇನು ಹೋಗಿ ಇನ್ನೊಂದು ಬರುವ ನಡುವೆ, ಅವನಿಗೆ ಅದರ ದೋಷ ಸಿಕ್ಕಿತು. ತಂತಿ ಮುಟ್ಟದಿದ್ದಾಗಲೂ ಡಬ್ಬಿ ‘ಸುಯ್’ ಎನ್ನುತ್ತಿತ್ತು. ಬಿರುಸು ಏರಿಸುವ ‘ಗೇನ್’ ತಿರುಪನ್ನು ಇಳಿಸಿದರೆ ಸದ್ದು ಅಡಗುತ್ತಿತ್ತು, ಆದರೆ ಬೇಕಾದ ಒರಟುತನವೂ ಹೋಗುತ್ತಿತ್ತು. ನೀನು ಜೊತೆಗೆ ಬಂದರೆ ಅಂಗಡಿಯವನು ಬದಲಿಸಿಕೊಡುತ್ತಾನೆ ಎಂದ. ಆ ಮನುಷ್ಯನ ಮುಂದೆ ಮತ್ತೆ ನಿಲ್ಲುವುದು ನನಗೆ ಬೇಡವಾಗಿತ್ತು. ರಜೆ ಸಿಗುವುದಿಲ್ಲ ಎಂದೆ. ಇಷ್ಟು ಸಣ್ಣ ಸದ್ದು ಯಾರಿಗೆ ಕೇಳಿಸುತ್ತದೆ ಎಂದೂ ಹೇಳಿದೆ.

ರೆಕಾರ್ಡಿಂಗಿಗೆ ಮಾತ್ರ ರಜೆ ಹಾಕಿ ಆಂಪ್ಲಿಫೈಯರ್ ಹೊತ್ತುಕೊಂಡು ಹೋದೆ. ಆಗ ಎಲ್ಲ ವಾದ್ಯದವರೂ ಒಟ್ಟಿಗೆ ಕೂತು ಒಂದೇ ಉಸಿರಿಗೆ ಹಾಡು ಮುಗಿಸಬೇಕಿತ್ತು. ಒಬ್ಬನಿಂದ ಕೆಟ್ಟರೆ ಎಲ್ಲರೂ ಮೊದಲಿನಿಂದ. ಸ್ಟುಡಿಯೋದ ಬಾಗಿಲು ಮುಚ್ಚಿದಾಗ ಒಳಗಿದ್ದಷ್ಟು ನಿಶ್ಶಬ್ದವನ್ನು ನಾನು ಮುಂಬಯಿಯಲ್ಲಿ ಎಲ್ಲೂ ಕಂಡಿರಲಿಲ್ಲ. ಗಿಟಾರಿನ ಸರದಿ ಬಂತು, ತಮ್ಮ ಪೆಡಲ್ ಒತ್ತಿದ. ಗಾಜಿನ ಆಚೆಯಿಂದ ರೆಕಾರ್ಡಿಸ್ಟ್ ಹಿಂದಿಯಲ್ಲಿ ಕೇಳಿದರು, “ಸ್ಟೋವ್ ಹಚ್ಚಿದ್ದು ಯಾರಪ್ಪಾ? ಚಹಾ ಆಮೇಲೆ ಕುಡಿಯೋಣ.”

ಎಲ್ಲರೂ ನಕ್ಕರು. ಮರ್ಯಾದೆ ಉಳಿಸಿಕೊಳ್ಳಲು ನಾನೂ ನಕ್ಕೆ. ಅವನು ಗೇನ್ ಇಳಿಸಿದ; ಸ್ವರ ಬಡಕಲಾಯಿತು. ಇನ್ನೊಂದು ಸಲವೂ ಕೆಟ್ಟ ಮೇಲೆ ಆ ನಾಲ್ಕು ಸಾಲನ್ನು ಮ್ಯಾಂಡೊಲಿನ್ನಿನವರಿಗೆ ಕೊಟ್ಟರು. ಹಾಡು ಮುಗಿಯುವವರೆಗೂ ತಮ್ಮ ಅಂಗೈಯಿಂದ ತಂತಿಗಳನ್ನು ಅದುಮಿ ಹಿಡಿದು ಕೂತಿದ್ದ.

ಟ್ರೇನಿನಲ್ಲಿ ಒಂದೇ ಮಾತು ಆಡಿದ. “ಅಮ್ಮನಿಗೆ ಹೇಳ್ಬೇಡ.” ಪೆಡಲಿನ ಬಗ್ಗೆ, ನನ್ನ ಬಗ್ಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಇವತ್ತು ಅಷ್ಟಾದರೂ ಹಗುರಾಗುತ್ತಿದ್ದೆ. ಚೆನ್ನಾಗಿ ನುಡಿಸಿದ ಎಂದು ಅಮ್ಮನಿಗೆ ನಾನೇ ಹೇಳಿದೆ.

ಮತ್ತೆ ಯಾರೂ ಕರೆಯಲಿಲ್ಲ. ಮರುವರ್ಷ ಕಾಮಾಲೆ ಅವನನ್ನು ಹನ್ನೊಂದು ದಿನದಲ್ಲಿ ಮುಗಿಸಿತು. ಅವನು ನುಡಿಸಿದ್ದು ಒಂದು ಸಾಲೂ ಎಲ್ಲೂ ಉಳಿದಿಲ್ಲ.

ಆ ಹಾಡು ಈಗಲೂ ರೇಡಿಯೋದಲ್ಲಿ ಬರುತ್ತದೆ. ಅಮ್ಮ ಕೈಕೆಲಸ ಬಿಟ್ಟು ಬಂದು ನಿಲ್ಲುತ್ತಾಳೆ. ಮ್ಯಾಂಡೊಲಿನ್ ಶುರುವಾದಾಗ, “ಇದೇ ಅಲ್ವೇನೋ ಅವನದು?” ಎನ್ನುತ್ತಾಳೆ.

ಹೌದಮ್ಮ, ಇದೇ ಎನ್ನುತ್ತೇನೆ. ಪಕ್ಕದ ಮನೆಯವರನ್ನೂ ಕರೆಯಲು ಅವಳು ಬಾಗಿಲಿಗೆ ಹೋಗುತ್ತಾಳೆ.