ಹೆಣ್ಣು ನೋಡುವ ದಿನ ತೊಳೆದ ಖಂಡೆ

ದಾಂಡೇಲಿಯಿಂದ ನನ್ನನ್ನು ನೋಡಲು ಬಂದವರು ನನ್ನ ಮುಖಕ್ಕಿಂತ ಮೊದಲು ನಮ್ಮ ಮನೆಯ ಖಂಡೆ ನೋಡಿದರು. ಅದಕ್ಕೆ ಕಾರಣ ನಮ್ಮಪ್ಪನ ಬಾಯಿ.

ಹಳಿಯಾಳದ ಪೇಟೆಯಲ್ಲಿ ನಮ್ಮದು ಬೆಲ್ಲ-ಎಣ್ಣೆಯ ಅಂಗಡಿ. ಮಹಾನವಮಿಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಉಳಿದ ಅಂಗಡಿಯವರು ತಕ್ಕಡಿ, ಅಡಕತ್ತು ಇಟ್ಟು ಸುಮ್ಮನಾಗುತ್ತಿದ್ದರು. ನಮ್ಮಪ್ಪ ಅವುಗಳ ಜೊತೆಗೆ ಮೊಳದುದ್ದದ ಒಂದು ಚೂಪು ಕಬ್ಬಿಣ ಇಟ್ಟು, ನಮ್ಮ ಹಿರೀಕ ಕಿತ್ತೂರಿನ ಕಡೆಯಿಂದ ಇಂಗ್ಲಿಷರ ಮೇಲೆ ಬೀಸಿದ ಕತ್ತಿ ಇದು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಆ ಕತ್ತಿಗೆ ಹಿಡಿಕೆ ಇರಲಿಲ್ಲ. ಹಿಡಿಯುವ ಕಡೆ ಒಂದು ಟೊಳ್ಳು ಕೊಳವೆ ಇತ್ತು, ಅಷ್ಟೇ. ಕೇಳಿದರೆ, "ಹಿಡಿಕಿ ಗೆದ್ದಲ ತಿಂದೈತಿ" ಎನ್ನುತ್ತಿದ್ದ. ವರ್ಷ ವರ್ಷ ಬಳಿದ ಎಣ್ಣೆ-ಕುಂಕುಮ ಅದರ ಮೇಲೆ ರೊಟ್ಟಿಯಷ್ಟು ದಪ್ಪ ಕೂತಿತ್ತು.

ಈ ಕಥೆಯನ್ನು ಅಪ್ಪ ನನ್ನ ಜಾತಕದ ಜೊತೆ ಗಂಡಿನ ಮನೆಗೂ ಮುಟ್ಟಿಸಿದ್ದ. ಹುಡುಗ ಹೊಸ ಕಾಗದದ ಕಾರ್ಖಾನೆಯಲ್ಲಿ ಗುಮಾಸ್ತ. ಅವನನ್ನು ನಾನು ಒಂದು ಮದುವೆಯಲ್ಲಿ ನೋಡಿದ್ದೆ. ಊಟದ ಪಂಕ್ತಿಯಲ್ಲಿ ಮುದುಕಿಯರಿಗೆ ತಾನೇ ತುಪ್ಪ ಬಡಿಸುತ್ತಿದ್ದ. ಮದುವೆಯಾದರೆ ಇವನನ್ನೇ, ಇಲ್ಲದಿದ್ದರೆ ಬೇಡವೇ ಬೇಡ ಎಂದು ಅಂದೇ ನನ್ನ ಮನಸ್ಸು ಹಟ ಹಿಡಿದಿತ್ತು. ಅದನ್ನು ಹೇಳಲು ಯಾರಾದರೂ ಕೇಳಬೇಕಲ್ಲ!

ಹುಡುಗನ ಜೊತೆ ಹಿರಿಯರಾಗಿ ಬಂದವರು ಅವನ ದೊಡ್ಡಪ್ಪ. ಪಲ್ಟನ್ನಿನ ಹಳೆಯ ಹವಾಲ್ದಾರರು, ಮೀಸೆ ನೋಡಿದರೆ ಗೊತ್ತಾಗುತ್ತಿತ್ತು. ನಾನು ಅವಲಕ್ಕಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೇನೆ, ಅವರು, "ಆ ಕತ್ತಿ ತೋರಸ್ರಿ ನೋಡೂಣು" ಎಂದರು. ಅಪ್ಪ ಉಬ್ಬಿಕೊಂಡು ತಂದುಕೊಟ್ಟ. ಅವರು ಕೊಳವೆಯೊಳಗೆ ಬೆರಳು ತೂರಿಸಿ ನಕ್ಕರು.

"ಇದು ಕತ್ತಿ ಅಲ್ರಿ. ಬಂದೂಕಿನ ಮೂತಿಗೆ ಸಿಗಸೂ ಸಂಗೀನು. ಈ ಕೊಳವಿ ನಳಗಿ ಮ್ಯಾಲೆ ಕೂಡತೈತಿ. ಯಾರ ಮಾಲು ಅಂತ ಗುರ್ತು ಹೊಡದಿರತಾರ, ಹುಣಸಿಹಣ್ಣ ಹಚ್ಚಿ ತೊಳದ್ರ ತಿಳೀತೈತಿ."

ಮೂಲೆಯಲ್ಲಿ ಕೂತಿದ್ದ ನಮ್ಮಜ್ಜಿ ಸಿಡಿದಳು. "ಜಗಲಿ ಮ್ಯಾಲಿನ ದೇವರಿಗೆ ಹುಣಸಿಹಣ್ಣ ಹಚ್ಚತಾರೇನು?"

"ಪೂಜಿ ತಂಬಗಿಗೆ ಹಚ್ಚೂದಿಲ್ಲೇನಬೇ?" ಎಂದರು ದೊಡ್ಡಪ್ಪ.

ಅಜ್ಜಿಯ ಸಿಟ್ಟು ನನ್ನ ಮೇಲೆ ತಿರುಗಿತು. "ಹಂಗಾರ ಹುಡುಗೀನ ತಿಕ್ಕಲಿ. ಆಕಿ ಕೆಲಸಾನೂ ನೋಡಿದಂಗ ಆತು."

ನೋಡಿ ನನ್ನ ಹಣೆಬರಹ! ಹಾಡು ಹೇಳು ಎನ್ನುವವರ ಸುದ್ದಿ ಕೇಳಿದ್ದೆ, ರಂಗೋಲಿ ಹಾಕು ಎನ್ನುವವರ ಸುದ್ದಿ ಕೇಳಿದ್ದೆ. ಇಳಕಲ್ ಸೀರೆ ಉಟ್ಟು, ತಲೆ ತುಂಬ ಅಬ್ಬಲಿಗೆ ಮುಡಿದು, ಅಂಗಳದ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಸಂಗೀನು ತಿಕ್ಕಿದವಳು ಮಾತ್ರ ನಾನೊಬ್ಬಳೇ ಇರಬೇಕು. ಎಲ್ಲರೂ ಸುತ್ತ ನಿಂತರು. ಕೆಂಪು ನೀರು ಇಳಿಯಿತು, ಕರಿ ನೀರು ಇಳಿಯಿತು, ಕೊಳವೆಯ ಹತ್ತಿರ ಏನೋ ಬೆರಳಿಗೆ ತಾಗಿತು.

"ಕಿರೀಟ ಐತ್ರಿ," ಅಂದೆ. "ಕೆಳಗ ಇಂಗ್ಲಿಷ್ ಅಂಕಿ ಐತಿ."

"ಇಂಗ್ಲಂಡದ ರಾಜನ ಕಿರೀಟ," ಎಂದರು ದೊಡ್ಡಪ್ಪ. "ಇಂಗ್ಲಿಷರ ಸಿಪಾಯಿ ಕೈಯಾಗಿಂದಿದು."

ಅಪ್ಪನ ಮುಖ ಹುಳ್ಳಗಾಯಿತು. ಅಜ್ಜಿ ಮಾತ್ರ ಸೋಲುವವಳಲ್ಲ. "ಅವರ ಕೈಯಾಗಿಂದ ಕಸಗೊಂಡ ಬಂದಿರಬೇಕು!"

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ಹೌದ್ರಿ, ಕಸಗೊಂಡದ್ದ!" ಎಂದು ಅಪ್ಪ ದನಿ ಏರಿಸಿದ. "ಇಂಗ್ಲಿಷರ ಪಗಾರ ತಿನ್ನೂ ಮಂದಿ ನಮ್ಮ ವಂಶದಾಗ ಹುಟ್ಟಿಲ್ರಿ. ಅಂಥವರ ಮನೀ ನೀರೂ ನಾವು ಮುಟ್ಟೂದಿಲ್ಲ!"

ಅಯ್ಯೋ ಶಿವನೇ, ಪಲ್ಟನ್ನಿನ ಹವಾಲ್ದಾರರ ಎದುರಿಗೆ! ಸ್ವಾತಂತ್ರ್ಯಕ್ಕೆ ಮೊದಲು ಅವರಿಗೆ ಪಗಾರ ಕೊಟ್ಟವರು ಮತ್ಯಾರು? ದೊಡ್ಡಪ್ಪ ತಮ್ಮ ರುಮಾಲು ಎತ್ತಿಕೊಂಡರು.

"ನಾ ತಿಂದೇನ್ರಿ ಆ ಪಗಾರ. ನಿಮ್ಮ ಮನ್ಯಾಗ ಚಾ ಕುಡದದ್ದು ತಪ್ಪಾತು. ನಡಿಯಪಾ ತಮ್ಮಾ, ಹೋಗೂಣು."

ಹುಡುಗ ಅವರ ಹಿಂದೆ ಹೆಜ್ಜೆ ಹಾಕಿದ. ನನಗೆ ಸಿಟ್ಟು ಬಂತು. ಹೆಣ್ಣು ನೋಡುವಾಗ ಹೆಣ್ಣು ಬಾಯಿ ಬಿಡಬಾರದು ಎಂದು ಅಜ್ಜಿ ಬೆಳಗಿನಿಂದ ನೂರು ಸಲ ಹೇಳಿದ್ದಳು. ಹುಣಸೆ ರಾಡಿಯ ಕೈಯಲ್ಲಿ ಸಂಗೀನು ಹಿಡಿದುಕೊಂಡೇ ಎದ್ದು ನಿಂತೆ.

"ಅಪ್ಪಾ, ನೀ ಸುಮ್ಮನಿರು! ಕಸಗೊಂಡರ ಕಸಗೊಂಡಾನ, ಪಗಾರಕ್ಕ ಹೋಗಿದ್ದರ ಹೋಗ್ಯಾನ. ಇದನ್ನ ಹಿಡದಾಂವ ಜೀವಂತ ಮನೀಗೆ ಬಂದಾನಲ್ಲ, ಅಷ್ಟ ಸಾಕು. ಅಂವ ಬಂದದ್ದಕ್ಕ ನಾನು ನೀನು ಹುಟ್ಟೇವಿ."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಸಂಬಂಧ ಹೋಯಿತು ಎಂದುಕೊಂಡೆ. ದೊಡ್ಡಪ್ಪ ಹತ್ತಿರ ಬಂದು ನನ್ನ ಕೈಯಿಂದ ಸಂಗೀನು ತೆಗೆದುಕೊಂಡರು. ಧೋತರದ ಚುಂಗಿನಿಂದ ಒರೆಸಿದರು, ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

"ನಾನೂ ನನ್ನ ತಮ್ಮನೂ ಕೂಡೇ ಪಲ್ಟನ್ನಿಗೆ ಸೇರಿದ್ವಿ," ಎಂದರು. "ಈ ಹುಡುಗನ ಅಪ್ಪ. ಅಂವ ಲಡಾಯಿಯಿಂದ ಮನೀಗೆ ಬರಲಿಲ್ಲವ್ವಾ."

ನೆಲ ನೋಡುತ್ತಿದ್ದ ಹುಡುಗ ಆಗ ತಲೆ ಎತ್ತಿ ನನ್ನನ್ನು ನೋಡಿದ. ಅಪ್ಪ ಹೋಗಿ ದೊಡ್ಡಪ್ಪನ ಎರಡೂ ಕೈ ಹಿಡಿದುಕೊಂಡ. ಅವರು ಬಹಳ ಹೊತ್ತು ಬಿಡಿಸಿಕೊಳ್ಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಕೈ ತೊಳಕೊಂಡು ಬಾರವ್ವಾ. ನಮ್ಮ ಮನೀಗೆ ನೀ ಬೇಕು."