ಕಂಪ್ಲಿಗೆ ಹೋಗಬೇಕಿದ್ದ ಎಂಜಿನ್ನು

ನನ್ನ ಹೆಂಡತಿ ತೀರಿಕೊಂಡ ಕೆಲವು ತಿಂಗಳಿಗೆ ಅತ್ತೆ ಕಂಪ್ಲಿಯಿಂದ ಗಾಡಿ ಕಟ್ಟಿಸಿಕೊಂಡು ಬಂದು ಮಗಳನ್ನು ಕರೆದುಕೊಂಡು ಹೋದರು. ಅದರಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ. ನಾನು ಹೊಸಪೇಟೆಯ ಅಕ್ಕಿ ಗಿರಣಿಯಲ್ಲಿ ಎಂಜಿನ್ ನಡೆಸುವವ. ಹೊತ್ತು ಮೂಡುವ ಮುಂಚೆ ಮನೆ ಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದೆ. ನಾಲ್ಕು ವರ್ಷದ ಹೆಣ್ಣುಕೂಸಿಗೆ ತಲೆ ಬಾಚುವವರು ಯಾರು, ಉಣಿಸುವವರು ಯಾರು? ಗಾಡಿ ಹತ್ತಿದ ಮೇಲೆ ಕೂಸು ಉಸಿರುಗಟ್ಟುವ ಹಾಗೆ ಅಳುತ್ತಿತ್ತು.

"ಅಳಬ್ಯಾಡವ್ವಾ. ನಾ ಮೋಟ್ರು ತಗೊಂಡು ಬರ್ತೀನಿ. ಅದ್ರಾಗ ಕುಂತು ಮನೀಗ್ ಬರೋಣಂತ" ಅಂದೆ.

ಅಳು ನಿಂತಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದೆ. ಆಗ ನನ್ನ ಹತ್ತಿರ ಒಂದು ಸೈಕಲ್ ಕೂಡ ಇರಲಿಲ್ಲ.

ಅಮಾವಾಸ್ಯೆಗೆ ಗಿರಣಿ ರಜೆ. ಪ್ರತಿ ಅಮಾವಾಸ್ಯೆಗೂ ಕಂಪ್ಲಿಗೆ ಹೋಗಿ ಮಗಳನ್ನು ನೋಡಿ ಬರುತ್ತಿದ್ದೆ. ಗಾದಿಗನೂರಿನಲ್ಲಿದ್ದ ನನ್ನ ಅಕ್ಕ, ಅವಳೂ ಗಂಡನನ್ನು ಕಳಕೊಂಡವಳು, ಮನೆ ನೋಡಿಕೊಳ್ಳಲು ಬರುತ್ತೇನೆಂದು ಒಪ್ಪಿದ ಮೇಲೆ ಒಂದು ಸಲ ಧೈರ್ಯ ಮಾಡಿ, ಮಗಳನ್ನು ಕರೆದುಕೊಂಡು ಹೋಗಲೇ ಅಂತ ಕೇಳಿಯೇಬಿಟ್ಟೆ. ಅತ್ತೆ ಸೆರಗು ಸರಿಮಾಡಿಕೊಂಡು, "ಕೂಸು ಒಪ್ಪಿ ಬಂದ್ರ ಒಯ್ರಿ. ನಿಮ್ಮ ಮಗಳು, ನಾ ಯಾಕ ಬ್ಯಾಡ ಅನ್ಲಿ. ಆದ್ರ ಅಳಿಸಿ ಮಾತ್ರ ಒಯ್ಯಬ್ಯಾಡ್ರಿ" ಅಂದರು. ಮಗಳು ಅಜ್ಜಿಯ ಸೀರೆ ಹಿಡಿದುಕೊಂಡು ನನ್ನ ಹಿಂದಿನ ಬೀದಿಯನ್ನು ನೋಡಿದಳು. "ಮೋಟ್ರು ತಂದಿಲ್ಲಲ್ಲ. ಹಂಗಾದ್ರ ನಾ ಬರಲ್ಲ" ಅಂದಳು.

ಮಕ್ಕಳ ಮಾತು ಅಂತ ಬಿಡಬಹುದಿತ್ತು. ನಾನು ಬಿಡಲಿಲ್ಲ. ಮೋಟಾರು ಒಂದು ಬಂದರೆ ಮಗಳು ಬರುತ್ತಾಳೆ ಅಂತ ತಲೆಯೊಳಗೆ ಗಟ್ಟಿಯಾಗಿ ಕೂತುಬಿಟ್ಟಿತು. ನನಗೆ ಮೊದಲಿಂದಲೂ ಹಟ ಜಾಸ್ತಿ. ಹೆಂಡತಿ ಅದನ್ನು ಕೋಣನ ಹಟ ಅನ್ನುತ್ತಿದ್ದಳು.

ಗಿರಣಿಯ ಗೋದಾಮಿನ ಹಿಂದೆ ಸಾವುಕಾರರ ಹಳೆಯ ಮೋಟಾರೊಂದು ಬಿದ್ದಿತ್ತು. ಬಟ್ಟೆಯ ಚಾವಣಿ, ನಾಲ್ಕು ಸಿಲಿಂಡರಿನ ಎಂಜಿನ್ನು, ಒಂದು ಕಾಲಕ್ಕೆ ಬಳ್ಳಾರಿಯ ತನಕ ಧೂಳೆಬ್ಬಿಸಿದ ಗಾಡಿ. ಎಂಜಿನ್ ಬಿಗಿದುಕೊಂಡು ನಿಂತ ಮೇಲೆ ಅವರು ಹೊಸದು ತಂದರು, ಇದರ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಕೇಳಿದ್ದಕ್ಕೆ ಸಾವುಕಾರರು ನಕ್ಕರು. "ಒಯ್ಯಲೇ ಮಾರಾಯ, ಜಾಗ ಖಾಲಿ ಆದ್ರ ಸಾಕು. ಕೋಳಿ ಮಾತ್ರ ಬಿಟ್ಟು ಹೋಗು."

ಗಿರಣಿಯ ಹಮಾಲರು ಅದನ್ನು ನೂಕಿಕೊಂಡು ಬಂದು ನನ್ನ ಅಂಗಳದಲ್ಲಿ ನಿಲ್ಲಿಸಿದರು. ಮೂರು ಬೊಂಬುಗಳನ್ನು ಕಟ್ಟಿ, ಹಗ್ಗ ಹಾಕಿ, ಎಂಜಿನ್ ಎತ್ತಿ ಪಡಸಾಲೆಯಲ್ಲಿ ಇಟ್ಟರು. ಅವತ್ತಿನಿಂದ ನನ್ನ ಮನೆಯಲ್ಲಿ ಮಲಗುವುದಕ್ಕಿಂತ ಬಿಚ್ಚಿಡುವುದಕ್ಕೇ ಜಾಗ ಹೆಚ್ಚು ಬೇಕಾಯಿತು. ಗೂಡಿನಲ್ಲಿ ವಾಲ್ವುಗಳು, ಹೆಂಡತಿ ಹಪ್ಪಳ ಒಣಗಿಸುತ್ತಿದ್ದ ಚಾಪೆಯ ಮೇಲೆ ಪಿಸ್ಟನ್ನುಗಳು, ಒಲೆಯ ಪಕ್ಕ ನಟ್ಟು ಬೋಲ್ಟು. ನೆರೆಯವರು ಬಾಗಿಲಲ್ಲಿ ಇಣುಕಿ, "ಹೊಸ ಹೆಂಡ್ತಿ ಹ್ಯಾಂಗದಾಳ? ಮಾತಾಡ್ತಾಳೇನು?" ಅಂತ ಚುಡಾಯಿಸುತ್ತಿದ್ದರು. ಎರಡನೆಯ ಮದುವೆಯ ಮಾತು ತೆಗೆಯಲು ಅದೊಂದು ದಾರಿ ಅವರಿಗೆ. ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮಾತಾಡಿಸುವವರು ಬೇಡವೆಂದಲ್ಲ. ಅವರು ಎದ್ದು ಹೋದ ಮೇಲೆ ಮನೆ ಇನ್ನಷ್ಟು ಬಿಕೋ ಅನ್ನುತ್ತಿತ್ತು.

ತುಕ್ಕು ಹಿಡಿದ ಬೋಲ್ಟು ಒಂದು ಕತ್ತು ಮುರಿದುಕೊಂಡಿತು. ಪಿಸ್ಟನ್ನಿನ ರಿಂಗುಗಳು ಮದರಾಸಿನಿಂದ ರೈಲಿನಲ್ಲಿ ಬಂದವು, ಅಳತೆ ತಪ್ಪಿ ಬಂದವು, ತಿರುಗಿ ಹೋದವು. ಹಾಗೂ ಹೀಗೂ ಮಹಾನವಮಿಯ ಹೊತ್ತಿಗೆ ಎಲ್ಲವೂ ಕೈಗೆ ಸೇರಿತು. ಜೋಡಿಸುವುದಷ್ಟೇ ಬಾಕಿ. ದಶಮಿಯ ದಿನ ಮೋಟಾರು ತಗೊಂಡು ಬರುತ್ತೇನೆ, ಕೂಸನ್ನು ತಯಾರು ಮಾಡಿರಿ ಅಂತ ಕಂಪ್ಲಿಗೆ ಹೋಗುವ ಬಸ್ಸಿನವನ ಕೈಲಿ ಹೇಳಿಕಳಿಸಿದೆ.

ಆಯುಧಪೂಜೆಯ ಹಿಂದಿನ ದಿನ ನಮ್ಮ ಮನೆಗಳಲ್ಲಿ ಇದ್ದಬದ್ದ ಹಿತ್ತಾಳೆ ತಾಮ್ರವೆಲ್ಲ ಅಂಗಳಕ್ಕೆ ಬರುತ್ತದೆ. ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ಹೆಂಗಸರು ತಿಕ್ಕುತ್ತಾರೆ. ನನ್ನ ಹೆಂಡತಿ ಗಿರಣಿಯಿಂದ ನಟ್ಟು ಬಿಚ್ಚುವ ನನ್ನ ಪಾನಾಗಳನ್ನೂ ತರಿಸಿ ತಿಕ್ಕಿ ಕೊಡುತ್ತಿದ್ದಳು. ಜಿಡ್ಡು ಹಿಡಿದ ಆಯುಧಕ್ಕೆ ವಿಭೂತಿ ಹಚ್ಚಿದರೆ ದೇವರು ಮುಖ ತಿರುಗಿಸುತ್ತಾನೆ ಅಂತ ಅವಳ ವಾದ. ಆ ವರ್ಷ ಓಣಿಯೆಲ್ಲ ತಿಕ್ಕುವ ಸದ್ದು, ನಮ್ಮ ಅಂಗಳ ಮಾತ್ರ ಸುಮ್ಮನಿತ್ತು. ತಡೆಯಲಾಗಲಿಲ್ಲ. ಅವಳು ಕೂರುತ್ತಿದ್ದ ಕಲ್ಲಿನ ಮೇಲೆ ಕೂತು ಎಂಜಿನ್ನಿನ ಒಂದೊಂದೇ ಭಾಗವನ್ನು ಅವಳ ಹಾಗೆಯೇ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ಮೂಲೆ ಮೂಲೆಗೂ ಬೆರಳು ಹಾಕಿ ತಿಕ್ಕಿದೆ. ನೀರು ಹೊಯ್ದು, ಬಿಸಿಲಿಗಿಟ್ಟು, ವಿಭೂತಿ ಹಚ್ಚಿ, ಮರುದಿನ ಪೂಜೆಯಾದ ಮೇಲೆ ಜೋಡಿಸಿದೆ. ಅಷ್ಟು ಚೆಂದದ ಎಂಜಿನ್ನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ದಶಮಿಯ ದಿನ ಹ್ಯಾಂಡಲ್ ತಿರುಗಿಸಿದೆ, ಎಂಜಿನ್ನು ಚಾಲೂ ಆಯಿತು. ಓಣಿಯವರೆಲ್ಲ ಕೇಕೆ ಹಾಕಿದರು. ಅನಂತಶಯನ ಗುಡಿಯನ್ನು ದಾಟಿದ್ದೆನೋ ಇಲ್ಲವೋ, ಒಳಗಿನಿಂದ ಟಕ ಟಕ ಅನ್ನುವ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಕಾದ ಎಣ್ಣೆಯ ವಾಸನೆ ಬಂತು. ಆಮೇಲೆ ಎಂಜಿನ್ನು ಬಿಗಿದುಕೊಂಡು ರಸ್ತೆಯ ಮಧ್ಯದಲ್ಲೇ ನಿಂತಿತು. ಬನ್ನಿ ಮುಡಿಯಲು ಹೊರಟಿದ್ದ ಜನದ ನಡುವೆ ಎರಡು ಎತ್ತುಗಳು ನನ್ನ ಮೋಟಾರನ್ನು ಮನೆಗೆ ಎಳೆದು ತಂದವು. ನನಗೆ ಬನ್ನಿ ಕೊಟ್ಟು ಬಂಗಾರದಂಗಿರು ಅಂದವರಿಗೆ ಬೈದು ಕಳಿಸಿದೆ.

ನಾಲ್ಕು ದಿನ ಬಿಟ್ಟು ಬಸ್ಸಿನವ ಅತ್ತೆಯ ಮಾತು ತಂದ. ಕೂಸು ಹೊಸ ಲಂಗ ಹಾಕಿಕೊಂಡು ಕತ್ತಲಾಗುವವರೆಗೂ ಕಟ್ಟೆಯ ಮೇಲಿಂದ ಇಳಿಯಲಿಲ್ಲವಂತೆ. ಇನ್ನು ಮೇಲೆ ಅದರ ಮುಂದೆ ಮೋಟಾರಿನ ಮಾತು ತೆಗೆಯಬೇಡಿರಿ ಅಂತ ಹೇಳಿಕಳಿಸಿದ್ದರು.

ಎಂಜಿನ್ ಬಿಚ್ಚಿದಾಗ ಕಾರಣ ಕಣ್ಣೆದುರೇ ಇತ್ತು. ಪಿಸ್ಟನ್ನುಗಳು ತಿರುಗಿಸುವ ಉಕ್ಕಿನ ದಂಡ ಕೂರುವ ಗೂಡುಗಳಿಗೆ ಬಿಳಿಯ ಮೆದು ಲೋಹದ ಪದರ ಇರುತ್ತದೆ, ಬೇರಿಂಗ್ ಅನ್ನುತ್ತೇವೆ. ಎಣ್ಣೆ ಹರಿಯುವ ಸಣ್ಣ ತೂತುಗಳಲ್ಲಿ ಇಟ್ಟಂಗಿ ಪುಡಿ ಕೂತು ಆ ಪದರವನ್ನು ತಿಂದುಹಾಕಿತ್ತು. ಬೆರಳಿಗೆ ಕೆಂಪು ಅಂಟಿತು. ಗಿರಣಿಯಲ್ಲಿ ಎಂಜಿನ್ನಿನ ಹತ್ತಿರ ಯಾರಾದರೂ ಮಣ್ಣುಗಾಲಲ್ಲಿ ಬಂದರೆ ರೇಗುತ್ತಿದ್ದವ ನಾನು. ಮೊದಲು ನಗು ಬಂತು. ಆಮೇಲೆ ಆ ಬೇರಿಂಗನ್ನು ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟೆ. ಹೆಂಡತಿ ಸತ್ತ ದಿನ ಜನರ ಮುಂದೆ ಅಳಲಾಗಿರಲಿಲ್ಲ.

ಮತ್ತೆ ಶುರು ಮಾಡಿದೆ. ಗಿರಣಿಯಲ್ಲಿ ಸವೆದ ಬೇರಿಂಗುಗಳ ಲೋಹ ಕೇಳಿ ತಂದು, ಅಡುಗೆಮನೆಯ ಒಲೆಯಲ್ಲೇ ಕರಗಿಸಿ ಎರಕ ಹೊಯ್ದೆ. ಮೊದಲ ಎರಕ ಬಿರುಕು ಬಿಟ್ಟಿತು. ಎರಡನೆಯದರಲ್ಲಿ ಗುಳ್ಳೆ ಎದ್ದವು. ಮೂರನೆಯದು ನಿಂತಿತು. ಆಮೇಲೆ ಕೆರೆಯುವ ಕೆಲಸ: ದಂಡಕ್ಕೆ ಕಪ್ಪು ಸವರಿ, ಬೇರಿಂಗಿನಲ್ಲಿಟ್ಟು ತಿರುಗಿಸಬೇಕು. ಎಲ್ಲಿ ಕಪ್ಪು ಅಂಟುತ್ತದೋ ಅದು ಉಬ್ಬು, ಅಲ್ಲಿ ಕೂದಲೆಳೆಯಷ್ಟು ಕೆರೆಯಬೇಕು. ಪುನಃ ಸವರಬೇಕು, ಪುನಃ ಕೆರೆಯಬೇಕು. ಗಿರಣಿಯಲ್ಲಿ ಅದಕ್ಕೆ ಡಬ್ಬಿಯ ಬಣ್ಣವಿತ್ತು. ಮನೆಯಲ್ಲಿದ್ದದ್ದು ಹೆಂಡತಿಯ ಕಾಡಿಗೆ ಭರಣಿ. ಹರಳೆಣ್ಣೆ ದೀಪದಲ್ಲಿ ಅವಳೇ ಹಿಡಿದಿಟ್ಟ ಕಾಡಿಗೆ. ಉಗುರಿನ ತುದಿಯಲ್ಲಿ ತೆಗೆದು ತೆಗೆದು ಅದೇ ಸವರಿದೆ. ಭರಣಿಯ ತಳ ಕಂಡ ದಿನ ಕೆಲಸ ಬಿಟ್ಟು ಹೊರಗೆ ಹೋಗಿ ಕೂತೆ.

ಚಳಿ ಹೋಗಿ ಬಿಸಿಲು ಬಲಿಯಿತು. ಈ ಸಲ ಸೀಮೆಎಣ್ಣೆಯಲ್ಲಿ ತೊಳೆದೆ, ತೂತು ತೂತಿಗೂ ಬಾಯಿ ಹಾಕಿ ಊದಿದೆ. ಎಂಜಿನ್ ಚಾಲೂ ಆದ ಮೇಲೆ ಅಂಗಳದಲ್ಲೇ ದಿನಕ್ಕಷ್ಟು ಹೊತ್ತು ಓಡಿಸಿ ಹದಕ್ಕೆ ತಂದೆ. ಅಕ್ಕ ಗಾದಿಗನೂರಿನಿಂದ ಬಂದು ಮನೆ ಸಾರಿಸಿ, ಮಗಳಿಗೆ ಹೊದೆಯಲು ಒಂದು ಪುಟ್ಟ ಕೌದಿ ಹೊಲಿದಿಟ್ಟಳು. ಕಂಪ್ಲಿಗೆ ಮಾತ್ರ ಹೇಳಿಕಳಿಸಲಿಲ್ಲ. ಮತ್ತೆ ಮಾತು ತಪ್ಪುವ ಭಯ.

ಒಂದು ಅಮಾವಾಸ್ಯೆಯ ಬೆಳಗ್ಗೆ ಕಮಲಾಪುರದ ಕೆರೆ ಏರಿ ದಾಟಿ, ಗದ್ದೆಗಳ ನಡುವೆ ಹಾದು, ಕಂಪ್ಲಿಯಲ್ಲಿ ಅತ್ತೆಯ ಮನೆಯ ಮುಂದೆ ನಿಲ್ಲಿಸಿ ಹಾರ್ನು ಒತ್ತಿದೆ. ಮಗಳು ಬಾಗಿಲಿಗೆ ಬಂದಳು. ನನ್ನನ್ನು ನೋಡಿ, ಮೋಟಾರು ನೋಡಿ, ಒಳಗೆ ಓಡಿ ಒಂದು ತಂಬಿಗೆ ನೀರು ತಂದು ಮೆಟ್ಟಿಲ ಮೇಲಿಟ್ಟಳು. "ಕಾಲು ತೊಳಕೊಳ್ರಿ ಅಪ್ಪಾ" ಅಂದಳು. ಮನೆಗೆ ಬಂದ ಬೀಗರಿಗೆ ಹಾಗೆ ನೀರು ಕೊಡಬೇಕು ಅಂತ ಅಜ್ಜಿ ಕಲಿಸಿದ್ದಿರಬೇಕು. ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಳೆಯ ತನಕ ಹೋದೆ. ದಾರಿಯುದ್ದಕ್ಕೂ ಹಾರ್ನಿನ ರಬ್ಬರು ಒತ್ತಿ ಒತ್ತಿ ನಗುತ್ತಿದ್ದಳು. ಆ ನಗು ಕೇಳಿ ನನಗೆ ಹೊಟ್ಟೆ ತುಂಬಿತು. ವಾಪಸು ಬರುವಾಗ ಹೊಸಪೇಟೆ ದಾರಿ ಕವಲೊಡೆಯುವ ಕಡೆ ನಿಲ್ಲಿಸಿ, "ಈಗ ನಮ್ಮ ಮನೀಗ್ ಹೋಗೋಣೇನು? ಗಾದಿಗನೂರ ಅತ್ತಿ ನಿನಗ ಕೌದಿ ಹೊಲಿದಾಳ" ಅಂದೆ.

ನಗು ನಿಂತಿತು. ಅಳಲಿಲ್ಲ. ಹಾರ್ನಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಜ್ಜಿ ರೊಟ್ಟಿ ಬಡಿಯೋ ಹೊತ್ತಾತಪ್ಪ. ಹಿಟ್ಟಿನ ಉಂಡಿ ನಾನ ಮಾಡಿ ಕೊಡ್ತೀನಿ. ನಾ ಇಲ್ಲಂದ್ರ ಆಕಿಗೆ ಯಾರದಾರ?" ಅಂದಳು.

ಅಳಿಸಿ ಒಯ್ಯಬೇಡಿರಿ ಅಂದಿದ್ದರು. ಅಳಿಸದೆ ಒಯ್ಯುವ ದಾರಿ ನನಗೆ ಹೊಳೆಯಲಿಲ್ಲ. ಮೋಟಾರು ತಿರುಗಿಸಿ ಅಜ್ಜಿಯ ಮನೆಗೆ ಬಿಟ್ಟೆ. ಅತ್ತೆ ನನ್ನ ಮುಖ ನೋಡಿದರು. "ಉಂಡು, ಇವತ್ತು ಇಲ್ಲೇ ಇದ್ದು ಹೋಗ್ರಿ" ಅಂದರು. ಬೆಳಗ್ಗೆ ಗಿರಣಿಯಿದೆ ಅಂದೆ. ರೊಟ್ಟಿ ಮುಟ್ಟದೆ ಮೋಟಾರು ಹತ್ತಿದೆ.

ಊರು ದಾಟಿದ ಮೇಲೆ, ಯಾಕೆ ಉಳಿಯಲಿಲ್ಲ ಅಂತ ಸಂಕಟ ಶುರುವಾಯಿತು. ಹಾಗೇ ತಿರುಗಿ ಹೋಗಲು ನಾಚಿಕೆ. ಮೋಟಾರು ಕೆಟ್ಟಿತು ಅಂದರೆ ಹೋಗಬಹುದಿತ್ತು, ಒಂದು ರಾತ್ರಿಯಾದರೂ ಮಗಳು ಮಲಗುವ ಮನೆಯಲ್ಲಿ ಮಲಗಬಹುದಿತ್ತು. ಕಂಪ್ಲಿಗೆ ನಡೆದು ಹೋಗುವಷ್ಟು ದೂರದಲ್ಲಿ ಎಲ್ಲಾದರೂ ನಿಂತುಬಿಡಲಿ ದೇವರೇ ಅಂತ ಬೇಡಿಕೊಂಡೆ. ಸ್ಟೇರಿಂಗಿನ ಮೇಲೆ ಬಗ್ಗಿ, ಆ ಟಕ ಟಕ ಸದ್ದಿಗಾಗಿ ಕಿವಿಗೊಟ್ಟೆ. ಎಂಜಿನ್ನು ಒಂದೇ ಸಮನೆ ಓಡಿತು. ಕಮಲಾಪುರದಲ್ಲಿ ನಿಲ್ಲಲಿಲ್ಲ. ಅನಂತಶಯನ ಗುಡಿಯ ಹತ್ತಿರವೂ ನಿಲ್ಲಲಿಲ್ಲ. ಒಂದು ಸಲವೂ ತೊದಲದೆ ನನ್ನನ್ನು ಮನೆಗೆ ತಂದು ಬಿಟ್ಟಿತು.